ಹೊಸಿಲಿಂದ ಅಂಗನವಾಡಿವರೆಗೆ

ಇಂಗ್ಲಿಷಿನಲ್ಲಿ 'ಟಾಡ್ಲರ್' ಅಂತ ಒಂದು ಪದ ಇದೆ. ತಟ್ಟಾಡಿಕೊಂಡು ಹೆಜ್ಜೆ ಹಾಕುವ ಮಗು ಅಂತ ಅರ್ಥ. ಹೆಚ್ಚುಕಡಿಮೆ ಒಂದು ವರ್ಷ ತುಂಬಿದ ಮೇಲೆ ಮೂರು ವರ್ಷ ಆಗುವವರೆಗಿನ ಮಕ್ಕಳಿಗೆ ಹಾಗನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಒಂದೇ ಮಾತಲ್ಲಿ ಏನನ್ನಬೇಕು ಅಂತ ಬಹಳ ಯೋಚನೆ ಮಾಡಿದೆ. ಹಸುಗೂಸು ಅಂದರೆ ತೀರಾ ಚಿಕ್ಕದಾಯಿತು. ಎಳೆಕೂಸು ಅಂದರೂ ಕಣ್ಣಿಗೆ ತೊಟ್ಟಿಲೇ ಬರುತ್ತದೆ. ಹುಡುಗ, ಹುಡುಗಿ ಅನ್ನೋಣ ಅಂದರೆ ಇನ್ನೂ ಚಡ್ಡಿಯನ್ನೇ ಸರಿಯಾಗಿ ನಿಲ್ಲಿಸಿಕೊಳ್ಳಲಾರದು. ನಮ್ಮ ಕೊಳ್ಳೇಗಾಲದ ಕಡೆ 'ಮೊಗ' ಅಂದರೆ ಎಲ್ಲಾ ಬಂತು. ತೊಟ್ಟಿಲಲ್ಲಿರುವುದೂ ಮೊಗವೇ, ಮದುವೆಗೆ ಬಂದಿರುವುದೂ ಮೊಗವೇ :)

ಪದ ಇಲ್ಲದಿದ್ದರೆ ದೊಡ್ಡ ನಷ್ಟವೇನೂ ಇಲ್ಲ ಬಿಡಿ. ಆದರೆ ಎಳೆಮಕ್ಕಳಿಗೆ ಸಂಬಂಧಪಟ್ಟ ನಮ್ಮ ಸೀಮೆಯ ಚರಿತ್ರೆಯನ್ನು ಅಲ್ಲಿ ಇಲ್ಲಿ ಓದಿ ಜೋಡಿಸುತ್ತಾ ಹೋದಾಗ ಒಂದು ವಿಚಿತ್ರ ಕಾಣಿಸಿತು. ಹೆರಿಗೆಗೆ ಆಸ್ಪತ್ರೆ ಬಂತು, ಸೂಲಗಿತ್ತಿಗೆ ತರಬೇತಿ ಬಂತು, ಮೂರು ವರ್ಷ ತುಂಬಿದ ಮಕ್ಕಳಿಗೆ ಅಂಗನವಾಡಿ ಬಂತು. ನಡುವಿನ ಎರಡು ವರ್ಷ ಮಾತ್ರ ಯಾರ ಕೈಯಲ್ಲಿ ಬಿಟ್ಟಿದ್ದರೋ ಅವರ ಕೈಯಲ್ಲೇ ಬಹಳ ಕಾಲ ಉಳಿಯಿತು. ಈಗಿನವರು ಮಿದುಳು ಅತ್ಯಂತ ಚುರುಕಾಗಿ ಬೆಳೆಯುವ ಕಾಲ ಅನ್ನುವುದು ಇದನ್ನೇ. ಆ ಎರಡು ವರ್ಷದ ಕಥೆ ಇದು.

ಕಾಮಗೆರೆ ಗೊತ್ತಿಲ್ಲದವರಿಗೆ ಎರಡು ಮಾತು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ ಸಿಗುವ ಊರು. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸುಗಳೆಲ್ಲ ಇದನ್ನು ದಾಟಿಯೇ ಹೋಗಬೇಕು. ಶಿವರಾತ್ರಿ ಹೊತ್ತಿಗೆ ನಡೆದು ಹೋಗುವವರ ಸಾಲೂ ಇಲ್ಲೇ ಹಾಯುತ್ತದೆ. ಕ್ರೈಸ್ತ ಸನ್ಯಾಸಿನಿಯರು ನಡೆಸುವ ಹೋಲಿ ಕ್ರಾಸ್ ಆಸ್ಪತ್ರೆಯಿಂದ ಈ ಊರಿನ ಹೆಸರು ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತು.

ಈ ಸೀಮೆಯ ಇನ್ನೊಂದು ವಿಶೇಷ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಇಂಗ್ಲಿಷರ ಪಾಲಾಗಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಪಕ್ಕದ ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದು ಅದೇ ಯಳಂದೂರು. ಹೀಗೆ ಒಂದೇ ಮಾತು, ಒಂದೇ ದೇವರು, ಒಂದೇ ರಾಗಿ ಮುದ್ದೆಯ ಜನ 1956ರ ನವೆಂಬರ್ 1ರವರೆಗೆ ಎರಡು ಬೇರೆ ಬೇರೆ ಸರ್ಕಾರಗಳ ಕೆಳಗಿದ್ದರು. ಚಾಮರಾಜನಗರ ಜಿಲ್ಲೆ ಆದದ್ದು ಇನ್ನೂ ಈಚೆಗೆ, 1997ರಲ್ಲಿ. ಮಕ್ಕಳ ಮಾತಿನಲ್ಲಿ ಇದೆಲ್ಲ ಯಾಕೆ ಅಂತೀರಾ? ಮುಂದೆ ಬೇಕಾಗುತ್ತದೆ.

ಸರ್ಕಾರ ಬರುವ ಮೊದಲು ಮನೆ ಇತ್ತು. ಮನೆಯಲ್ಲಿ ಮಗುವಿನ ಬೆಳವಣಿಗೆಯ ಲೆಕ್ಕ ಇಟ್ಟವರು ಅಜ್ಜಿಯರು. ಅವರಲ್ಲಿ ಪುಸ್ತಕ ಇರಲಿಲ್ಲ, ಆದರೆ ಪಟ್ಟಿ ಇತ್ತು. ಕತ್ತು ನಿಂತಿತು, ಬೋರಲು ಬಿತ್ತು, ತೆವಳಿತು, ಅಂಬೆಗಾಲಿಕ್ಕಿತು, ಗೋಡೆ ಹಿಡಿದು ನಿಂತಿತು, ಹೊಸಿಲು ದಾಟಿತು. ಒಂದೊಂದಕ್ಕೂ ಒಂದು ಸಂಭ್ರಮ. ಬೋರಲು ಬಿದ್ದರೆ ಒಂದು ಸಿಹಿ, ಹೊಸಿಲು ದಾಟಿದರೆ ಇನ್ನೊಂದು. ಹೊಸಿಲಿಗೆ ಪೂಜೆ ಮಾಡಿ, ಮಗು ತಾನಾಗಿ ದಾಟುವುದನ್ನು ಮನೆಮಂದಿ ಎಲ್ಲ ಕೂತು ನೋಡುವ ಪದ್ಧತಿ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇದೆ. ಇದನ್ನು ಬರೀ ಶಾಸ್ತ್ರ ಅಂತ ತಳ್ಳಿಬಿಡುವುದು ಸುಲಭ. ನನಗೇನೋ ಇದು ಒಂದು ಬಗೆಯ ರಿಜಿಸ್ಟರ್ ಅನ್ನಿಸುತ್ತದೆ. ಸಿಹಿ ಹಂಚಬೇಕಾದ ದಿನ ಬಂದೂ ಹಂಚಲಿಲ್ಲ ಅಂದರೆ ಬೀದಿಯವರೇ ಕೇಳುತ್ತಾರೆ, "ಯಾಕವ್ವ, ಮೊಗ ಇನ್ನೂ ನಡೀಲಿಲ್ವಾ?" ಅಂತ. ಕೇಳುವುದರಲ್ಲಿ ಕೊಂಕೂ ಇರಬಹುದು, ಕಾಳಜಿಯೂ ಇರಬಹುದು. ಅಂತೂ ಯಾರೋ ಒಬ್ಬರು ನೋಡುತ್ತಿದ್ದರು.

ಕೊಯಮತ್ತೂರು ಜಿಲ್ಲೆಯ ಮಾತು ಬಂತಲ್ಲ, ತಮಿಳರಲ್ಲಿ ಇದೇ ಪಟ್ಟಿಯನ್ನು ಕಾವ್ಯವನ್ನಾಗಿ ಮಾಡಿಬಿಟ್ಟಿದ್ದಾರೆ. 'ಪಿಳ್ಳೈತ್ತಮಿಳ್' ಅಂತ ಅದರ ಹೆಸರು. ದೇವರನ್ನೋ ರಾಜನನ್ನೋ ಮಗು ಅಂತ ಭಾವಿಸಿ ಹಾಡುವುದು. ಅದರಲ್ಲಿ ಹತ್ತು ಭಾಗ. ಮಗು ಕೈ ಊರಿ ತಲೆ ಎತ್ತಿ ಆಡುವುದಕ್ಕೆ ಒಂದು, ಜೋಗುಳಕ್ಕೆ ಒಂದು, ಚಪ್ಪಾಳೆ ತಟ್ಟುವುದಕ್ಕೆ ಒಂದು, ಮುತ್ತು ಕೇಳುವುದಕ್ಕೆ ಒಂದು, 'ಬಾ ಬಾ' ಅಂತ ನಡೆಸಿ ಕರೆಯುವುದಕ್ಕೆ ಒಂದು, ಚಂದಮಾಮನನ್ನು ಕರೆಯುವುದಕ್ಕೆ ಒಂದು. ಹನ್ನೆರಡನೇ ಶತಮಾನದಲ್ಲಿ ಒಟ್ಟಕ್ಕೂತ್ತರ್ ಎಂಬ ಕವಿ ಚೋಳ ರಾಜ ಕುಲೋತ್ತುಂಗನ ಮೇಲೆ ಇಂಥದ್ದೊಂದು ಬರೆದ. ಈಗಿನ ಮಕ್ಕಳ ಡಾಕ್ಟರು ಗೋಡೆಗೆ ಅಂಟಿಸಿರುವ ಪಟ್ಟಿಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ. ಚಪ್ಪಾಳೆ, ನಡಿಗೆ, ದೂರದ ವಸ್ತುವನ್ನು ಬೆರಳಿಟ್ಟು ತೋರಿಸುವುದು. ಚಂದ್ರನ ಕಡೆ ತಾಯಿ ಕೈ ತೋರಿಸಿದಾಗ ಮಗು ಬೆರಳನ್ನು ನೋಡುತ್ತದೋ ಚಂದ್ರನನ್ನು ನೋಡುತ್ತದೋ ಎನ್ನುವುದು ಇಂದು ಡಾಕ್ಟರುಗಳೂ ಗಮನಿಸುವ ವಿಷಯ.

ಕನ್ನಡದಲ್ಲಿ ಅಂಥ ಕಟ್ಟುನಿಟ್ಟಿನ ಕಾವ್ಯಪ್ರಕಾರ ಇಲ್ಲದಿದ್ದರೇನು, ನಮಗೆ ಅಂಬೆಗಾಲು ಕೃಷ್ಣನೇ ಇದ್ದಾನೆ. ಮಳವಳ್ಳಿ, ಮದ್ದೂರು ದಾಟಿ ಚನ್ನಪಟ್ಟಣದ ಕಡೆ ಹೋದರೆ ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ ಗುಡಿಯಲ್ಲಿ ಅವನನ್ನು ನೋಡಬಹುದು. ಮಕ್ಕಳಾಗಲಿ ಅಂತ ಅಲ್ಲಿ ತೊಟ್ಟಿಲು ಕಟ್ಟುವವರು ಬಹಳ. ಅಲ್ಲೇ ಪಕ್ಕದ ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಕಡೆದು, ಬಣ್ಣದ ಅರಗು ಹಚ್ಚಿ ಗಿಲಕಿ, ಬುಗುರಿ, ಎಳೆಯುವ ಗಾಡಿ ಮಾಡುತ್ತಾರೆ. ಮೂರು ಗಾಲಿಯ ಮರದ ತಳ್ಳುಗಾಡಿ ನೆನಪಿದೆಯೆ? ಮಗು ಹಿಂದಿನಿಂದ ಹಿಡಿದು ನಿಂತು ತಳ್ಳಿಕೊಂಡು ಹೋಗುವುದು. ಅದರಲ್ಲಿ ಮಗು ತನ್ನ ಭಾರ ತಾನೇ ಹೊರಬೇಕು, ಬಿದ್ದರೆ ತಾನೇ ಏಳಬೇಕು. ಈಗ ಅಂಗಡಿಗಳಲ್ಲಿ ಸಿಗುವ, ಮಗುವನ್ನು ಒಳಗೆ ಕೂರಿಸುವ ಪ್ಲಾಸ್ಟಿಕ್ ವಾಕರ್ ಇದರ ಸೋದರಸಂಬಂಧಿಯಂತೆ ಕಂಡರೂ ಗುಣ ಬೇರೆ. ಮೆಟ್ಟಿಲಿಂದ ಉರುಳಿ ಪೆಟ್ಟಾಗುವುದು ಹೆಚ್ಚಾಗಿ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮಲ್ಲಿ ಇನ್ನೂ ನಾಮಕರಣಕ್ಕೆ ಉಡುಗೊರೆಯಾಗಿ ಬರುತ್ತಿದೆ!

ಅಜ್ಜಿಯರ ಪಟ್ಟಿ ಎಷ್ಟು ಸರಿ? ಇದಕ್ಕೊಂದು ಒಳ್ಳೆಯ ಅಳತೆಗೋಲು ಸಿಕ್ಕಿದ್ದು 2006ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ದೆಹಲಿಯೂ ಸೇರಿದಂತೆ ಐದು ದೇಶಗಳ 816 ಮಕ್ಕಳನ್ನು ಗಮನಿಸಿ ಒಂದು ಪಟ್ಟಿ ಪ್ರಕಟಿಸಿತು. ಅದರ ಪ್ರಕಾರ ಆರೋಗ್ಯವಾಗಿರುವ ಮಕ್ಕಳು ಯಾರ ಆಸರೆಯೂ ಇಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು. ಒಂಬತ್ತು ತಿಂಗಳಿಗೂ ಮೀರಿದ ಅಂತರ! ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡಲಿಲ್ಲ, ಸೀದಾ ಎದ್ದು ನಡೆದವು. ಅಂದರೆ "ಎಲ್ಲಾ ಮಕ್ಕಳೂ ಒಂದೇ ಥರ ಅಲ್ಲ ಕಣವ್ವ, ಅದರ ಟೈಮಿಗೆ ಅದು ನಡೀತದೆ" ಅನ್ನುವ ಅಜ್ಜಿಯ ಮಾತು ಬಹಳ ಮಟ್ಟಿಗೆ ನಿಜ.

ಆದರೆ ಆ ಮಾತಿಗೊಂದು ಬೆಲೆಯೂ ಇತ್ತು. ನಡಿಗೆ ತಡವಾದರೆ ಕಣ್ಣಿಗೆ ಕಾಣುತ್ತದೆ. ಮಾತು ತಡವಾದರೆ "ಅವರಪ್ಪನೂ ಹಿಂಗೇ, ನಾಲ್ಕು ವರ್ಷಕ್ಕೆ ಮಾತಾಡಿದ್ದು" ಅಂತ ಕಾಯುತ್ತಾ ಕೂರುವುದು ನಮ್ಮ ಕಡೆ ಬಹಳ. ನಾಲಿಗೆ ತಿರುಗಲಿ ಅಂತ ಬಜೆ ತೇಯ್ದು ನೆಕ್ಕಿಸುವುದೂ ಇತ್ತು (ಎಳೆಮಕ್ಕಳಿಗೆ ಅದು ಬೇಡ ಅಂತ ಈಗಿನ ಡಾಕ್ಟರುಗಳು ಹೇಳುತ್ತಾರೆ). ಎಷ್ಟೋ ಸಲ ತೊಂದರೆ ನಾಲಿಗೆಯಲ್ಲಿ ಇರುವುದೇ ಇಲ್ಲ, ಕಿವಿಯಲ್ಲಿ ಇರುತ್ತದೆ. ಕೇಳಿಸದ ಮಗು ಮಾತು ಕಲಿಯುವುದು ಹೇಗೆ? ಅದಕ್ಕಾಗಿಯೇ ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಶುರುವಾಯಿತು. ಇಡೀ ದೇಶಕ್ಕೆ ಮಾದರಿಯಾದ ಸಂಸ್ಥೆ ನಮ್ಮ ಬಸ್ಸಿನ ದಾರಿಯಲ್ಲೇ ಇದ್ದೂ, ಅಲ್ಲಿಗೆ ಎರಡನೇ ವರ್ಷದಲ್ಲಿ ಹೋಗಬೇಕಾದ ಮಗು ಐದನೇ ವರ್ಷದಲ್ಲಿ, ಶಾಲೆಗೆ ಸೇರಿಸುವ ಹೊತ್ತಿಗೆ ಹೋದರೆ ಕಳೆದುಹೋದ ಮೂರು ವರ್ಷವನ್ನು ಯಾರೂ ಪೂರ್ತಿ ಹಿಂದಕ್ಕೆ ತರಲಾರರು. ಅಜ್ಜಿಯ ತಾಳ್ಮೆ ದೊಡ್ಡದು, ಒಪ್ಪಿದೆ. ತಾಳ್ಮೆ ಎಲ್ಲಿ ಬೇಕು ಎಲ್ಲಿ ಬೇಡ ಅಂತ ಅವಳಿಗೆ ಹೇಳಬೇಕಾದವರು ಅವಳ ಜಗಲಿಗೆ ಬರಲೇ ಇಲ್ಲ.

ಹಾಗಾದರೆ ಸರ್ಕಾರದವರು ಯಾವಾಗ ಬಂದರು, ಬಂದು ಏನು ನೋಡಿದರು?

ಮೊದಲು ನೋಡಿದ್ದು ಹೆರಿಗೆಯನ್ನು. 1903ರಲ್ಲಿ ವೈಸರಾಯ್ ಕರ್ಜನ್ನನ ಹೆಂಡತಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಒಂದು ನಿಧಿ ಕೂಡಿಸಿ ಸೂಲಗಿತ್ತಿಯರಿಗೆ ತರಬೇತಿ ಕೊಡುವ ಏರ್ಪಾಡು ಮಾಡಿದಳು. ಆಮೇಲೆ 1924ರ ಜನವರಿಯಲ್ಲಿ ಲೇಡಿ ರೀಡಿಂಗ್ ಮುಂದಾಳತ್ವದಲ್ಲಿ ದೇಶದ ತುಂಬಾ 'ಬೇಬಿ ವೀಕ್' ನಡೆಯಿತು. ಶಿಶು ಪ್ರದರ್ಶನ, ದುಂಡುದುಂಡಗಿರುವ ಮಗುವಿಗೆ ಬಹುಮಾನ, ತಾಯಂದಿರಿಗೆ ಭಾಷಣ. ತಕ್ಕಡಿ ನಮ್ಮ ಎಳೆಮಕ್ಕಳ ಬಾಳಿನೊಳಗೆ ಮೆರವಣಿಗೆಯಲ್ಲಿ ಬಂದದ್ದು ಇಂಥ ಕಡೆಗಳಿಂದ. ಮದ್ರಾಸ್ ಪ್ರಾಂತ್ಯ 1939ರಲ್ಲಿ ಸಾರ್ವಜನಿಕ ಆರೋಗ್ಯ ಕಾಯ್ದೆಯನ್ನೇ ತಂದಿತು. ತಾಯಿ ಮತ್ತು ಶಿಶು ಕಲ್ಯಾಣ ಸ್ಥಳೀಯ ಸಂಸ್ಥೆಗಳ ಕೆಲಸ ಅಂತ ಅದರಲ್ಲಿ ಬರೆಯಿತು. ಕಾಗದದ ಮೇಲೆ ಕೊಳ್ಳೇಗಾಲವೂ ಅದರೊಳಗೆ ಬಂತು. ಆದರೆ ಕೊಯಮತ್ತೂರಿನಿಂದ ನೋಡಿದರೆ ಕೊಳ್ಳೇಗಾಲ ಘಟ್ಟದ ಮೇಲಿನ, ಕಾಡಿನ ಆಚೆಯ, ಬೇರೆ ಭಾಷೆಯ ತಾಲ್ಲೂಕು. ಯೋಜನೆಗಳು ದೂರದ ಮೂಲೆಗೆ ಕೊನೆಗೆ ತಲುಪುತ್ತವೆ ಎನ್ನುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಮಿಷನ್ನಿನವರು ಇಂಥ ಕಡೆ ಆಸ್ಪತ್ರೆ ಕಟ್ಟಿದ್ದರ ಬೆಲೆ ಆಗ ತಿಳಿಯುತ್ತದೆ.

ಮಿಷನ್ ಅಂದಾಗ ಮೈಸೂರಿನ ಒಂದು ಆಸ್ಪತ್ರೆಯ ಕಥೆ ಹೇಳಲೇಬೇಕು, ಇದು ನನಗೆ ಬಹಳ ಇಷ್ಟ. 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿಯ ನರ್ಸುಗಳು 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದೊಡ್ಡ ಲೆಡ್ಜರುಗಳಲ್ಲಿ ಬರೆದಿಡುತ್ತಾ ಬಂದರು. ಯಾಕೆ ಬರೆಯುತ್ತಿದ್ದೇವೆ ಅಂತ ಅವರಿಗೆ ತಿಳಿದಿತ್ತೋ ಇಲ್ಲವೋ, ಬರೆದರು. ಅರವತ್ತು ವರ್ಷ ಆದಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಮತ್ತು ಮೈಸೂರಿನವರು ಸೇರಿ ಆ ಲೆಡ್ಜರುಗಳನ್ನು ತೆಗೆದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ ಮೈಸೂರಿನ ಸುತ್ತಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ; 3.1 ಕೆಜಿ ಅಥವಾ ಹೆಚ್ಚಿದ್ದವರಲ್ಲಿ ನೂರಕ್ಕೆ 3 ಮಂದಿಗೆ. ಹೊಟ್ಟೆಯೊಳಗಿನ ಬಡತನ ಐವತ್ತನೇ ವಯಸ್ಸಿನಲ್ಲಿ ಎದೆನೋವಾಗಿ ಬರುತ್ತದೆ ಅಂತ ತೋರಿಸಿದ, ಭಾರತದ ಮೊದಮೊದಲ ಪುರಾವೆಗಳಲ್ಲಿ ಅದೂ ಒಂದು.

ಆದರೆ ಆ ಲೆಡ್ಜರುಗಳಲ್ಲಿ ಏನಿರಲಿಲ್ಲ ಅನ್ನುವುದನ್ನೂ ನೋಡಿ. ಹುಟ್ಟಿದ ದಿನದ ಅಳತೆ ಇದೆ. ದೊಡ್ಡವರಾದ ಮೇಲಿನ ಅಳತೆ ಇದೆ. ನಡುವೆ ಆ ಮಗು ಯಾವಾಗ ನಡೆಯಿತು, ಯಾವಾಗ ಮಾತಾಡಿತು, ಏನು ತಿಂದಿತು, ಯಾರ ಸೊಂಟದ ಮೇಲೆ ಬೆಳೆಯಿತು, ಒಂದಕ್ಷರವೂ ಇಲ್ಲ. ಆಸ್ಪತ್ರೆಯ ಗೇಟು ದಾಟಿದ ಮೇಲೆ ಅದು ಮನೆಯ ಮಗು. ಆಮೇಲೆ 1997–98ರಲ್ಲಿ ಅದೇ ಆಸ್ಪತ್ರೆಗೆ ಬರುತ್ತಿದ್ದ ಬಸುರಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಶುರು ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ಅಳೆದರು.

ಊಟದ ವಿಷಯಕ್ಕೆ ಬಂದರೆ ಮೈಸೂರಿಗೆ ಇನ್ನೊಂದು ಹೆಗ್ಗಳಿಕೆ ಇದೆ. 1950ರಲ್ಲಿ ಅಲ್ಲಿನ ಚೆಲುವಾಂಬ ಅರಮನೆಯಲ್ಲಿ ಸಿ.ಎಫ್.ಟಿ.ಆರ್.ಐ. ಶುರುವಾಯಿತು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದು ಅಮುಲ್‌ನವರಿಗೆ ಕೊಟ್ಟಿದ್ದು ಇವರೇ. ನನಗೆ ಅದಕ್ಕಿಂತ ಹತ್ತಿರವಾದದ್ದು ರಾಗಿಯ ಕೆಲಸ. ನಮ್ಮ ಮನೆಗಳಲ್ಲಿ ಮಗುವಿಗೆ ರಾಗಿ ಸರಿ ಮಾಡುವಾಗ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿತ ಮಾಡುತ್ತಾರೆ. ಇಷ್ಟೆಲ್ಲ ಯಾಕೆ, ಹಿಟ್ಟನ್ನೇ ಕಾಯಿಸಿ ಕೊಟ್ಟರಾಗದೆ? 1980ರ ದಶಕದ ಶುರುವಿನಲ್ಲಿ ಅಲ್ಲಿನ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಎಳೆಮಕ್ಕಳ ಆಹಾರ ಮಾಡಿದಾಗ ಇದಕ್ಕೆ ಉತ್ತರ ಇತ್ತು. ಮೊಳಕೆ ಬಂದಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಗಂಜಿ ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಹಸಿ ರಾಗಿಹಿಟ್ಟನ್ನು ಮಗು ಕುಡಿಯುವಷ್ಟು ತೆಳ್ಳಗೆ ಮಾಡಿದರೆ ಅದರಲ್ಲಿ ನೀರೇ ಹೆಚ್ಚು. ಮೊಳಕೆ ರಾಗಿಯಾದರೆ ಅಷ್ಟೇ ತೆಳುವಿನಲ್ಲಿ ಬಹಳ ಹೆಚ್ಚು ಹಿಟ್ಟು ಹಿಡಿಸುತ್ತದೆ. ಒಂದು ವರ್ಷದ ಮಗುವಿನ ಹೊಟ್ಟೆ ಎಷ್ಟಿರುತ್ತದೆ ಹೇಳಿ? ಅಷ್ಟು ಚಿಕ್ಕ ಜಾಗಕ್ಕೆ ಅಷ್ಟು ಶಕ್ತಿ ತುಂಬಿಸುವ ಉಪಾಯ ಅದು. ಅಜ್ಜಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ಮೊಳಕೆ ಕಟ್ಟುವುದನ್ನು ಮಾತ್ರ ಬಿಡಲಿಲ್ಲ.

ಈಗ 1975. ಅಕ್ಟೋಬರ್ 2, ಗಾಂಧಿ ಜಯಂತಿ ದಿನ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐ.ಸಿ.ಡಿ.ಎಸ್., ಶುರುವಾಯಿತು. ಕರ್ನಾಟಕದಲ್ಲಿ ಆರಿಸಿದ್ದು ಒಂದೇ ತಾಲ್ಲೂಕು. ಯಾವುದು ಗೊತ್ತೆ? ಟಿ. ನರಸೀಪುರ. ಕೊಳ್ಳೇಗಾಲದ ಪಕ್ಕದ ತಾಲ್ಲೂಕು, ಮೈಸೂರಿಗೆ ಹೋಗುವ ಬಸ್ಸು ಮೂಗೂರು ದಾಟಿ ಸೇರುವ ಊರು. ದೇವರಾಜ ಅರಸು ಆಗ ಮುಖ್ಯಮಂತ್ರಿ. 100 ಅಂಗನವಾಡಿಗಳಿಂದ ಶುರು. ಇಡೀ ರಾಜ್ಯದ ಅಂಗನವಾಡಿಯ ಚರಿತ್ರೆ ನಮ್ಮ ಪಕ್ಕದ ಮನೆಯಲ್ಲೇ ಹುಟ್ಟಿದೆ, ಅದನ್ನು ನೆನೆಸುವವರೇ ಕಾಣೆ. ಹತ್ತಿರದ ತಲಕಾಡಿನ ಮರಳಿನ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ!

ಅಂಗನವಾಡಿ ಎಂಬ ಹೆಸರಿನ ಹಿಂದೆ ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಇದ್ದಾರೆ. ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದಲ್ಲಿ ಅವರು ಅನುತಾಯಿ ವಾಘ್ ಜೊತೆ ಸೇರಿ ಮಕ್ಕಳ ಮನೆಯಂಗಳಕ್ಕೇ ಹೋಗಿ ಪಾಠ ಮಾಡಿದರು. ಮಗು ಶಾಲೆಗೆ ಬರದಿದ್ದರೆ ಶಾಲೆಯೇ ಅಂಗಳಕ್ಕೆ ಬರಲಿ ಅಂತ. ಮಾಂಟೆಸರಿ ಪದ್ಧತಿಯ ದುಬಾರಿ ಸಾಮಾನಿನ ಬದಲು ಬೀಜ, ಕಡ್ಡಿ, ಕಲ್ಲು, ಎಲೆ.

ಹೆಸರು ಅಂಗಳದ್ದಾದರೂ ಐ.ಸಿ.ಡಿ.ಎಸ್.ನ ಚೌಕಟ್ಟು ಹೀಗಿತ್ತು: ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ, ಹಾಡು, ಆಟ, ಅಲ್ಲೇ ಊಟ. ಮೂರರ ಒಳಗಿನವರಿಗೆ ತೂಕ, ಚುಚ್ಚುಮದ್ದು, ಮನೆಗೆ ಒಯ್ಯುವ ಆಹಾರದ ಪೊಟ್ಟಣ. ತಾಯಂದಿರಿಗೆ ತಿಳುವಳಿಕೆ ಹೇಳುವುದೂ ಸೇವೆಗಳ ಪಟ್ಟಿಯಲ್ಲಿ ಇತ್ತು, ಆದರೆ ದಿನದ ಕೆಲಸದಲ್ಲಿ ಕಣ್ಣಿಗೆ ಬಿದ್ದದ್ದು ತಕ್ಕಡಿಯೇ. ಜೋತುಬಿದ್ದ ಸಾಲ್ಟರ್ ತಕ್ಕಡಿಯಲ್ಲಿ ಕಾಲು ಬಡಿಯುತ್ತಾ ಅಳುವ ಮಗು, ಚಾರ್ಟಿನ ಮೇಲೆ ಒಂದು ಚುಕ್ಕೆ. ಆ ಚಾರ್ಟೂ ದೂರದಿಂದ ಬಂದದ್ದು. ಡೇವಿಡ್ ಮಾರ್ಲೆ ಎಂಬ ಬ್ರಿಟಿಷ್ ಡಾಕ್ಟರು ನೈಜೀರಿಯಾದ ಹಳ್ಳಿಯೊಂದರಲ್ಲಿ ಕೆಲಸ ಮಾಡುವಾಗ ರೂಪಿಸಿದ್ದು. ತುಂಬಾ ಉಪಯುಕ್ತವಾದದ್ದೇ. ಅದನ್ನು ಹೀಗಳೆಯುವುದು ನನ್ನ ಉದ್ದೇಶ ಅಲ್ಲ. ಎಷ್ಟೋ ಮಕ್ಕಳ ಜೀವ ಆ ಚುಕ್ಕೆಗಳಿಂದ ಉಳಿದಿದೆ. ಆದರೆ ತಕ್ಕಡಿ ಮಾತು ಕೇಳಿಸಿಕೊಳ್ಳುವುದಿಲ್ಲವಲ್ಲ. ಹತ್ತು ಕೆಜಿ ಇದ್ದೂ ಒಂದು ಮಾತೂ ಆಡದ ಮಗು ಚಾರ್ಟಿನ ಹಸಿರು ಪಟ್ಟಿಯಲ್ಲಿ ಕ್ಷೇಮವಾಗಿ ಕೂತಿರುತ್ತದೆ.

ಊಟ ಒಂದೇ ಸಾಲದು ಎನ್ನುವುದಕ್ಕೆ ಗಟ್ಟಿ ಪುರಾವೆ ಬಂದದ್ದು ಜಮೈಕಾದಿಂದ. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ಡಾಕ್ಟರು 1986ರ ಸುಮಾರಿಗೆ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ 9ರಿಂದ 24 ತಿಂಗಳ, ವಯಸ್ಸಿಗೆ ತಕ್ಕ ಎತ್ತರ ಇಲ್ಲದ 129 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಪೌಷ್ಟಿಕ ಆಹಾರ, ಒಂದಕ್ಕೆ ಆಟ, ಒಂದಕ್ಕೆ ಎರಡೂ, ಒಂದಕ್ಕೆ ಎರಡೂ ಇಲ್ಲ. ಆಟ ಅಂದರೆ ಏನು? ವಾರಕ್ಕೊಂದು ಸಲ ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದು, ಖಾಲಿ ಡಬ್ಬಿ, ಮುಚ್ಚಳ, ಚಿಂದಿ ಬಟ್ಟೆಯಿಂದ ಮಾಡಿದ ಆಟಿಕೆ ಇಟ್ಟುಕೊಂಡು ಒಂದು ಗಂಟೆ ತಾಯಿಯ ಜೊತೆ ಕೂತು ಮಗುವನ್ನು ಆಡಿಸುವುದು, ಮಾತಾಡಿಸುವುದು, ಹೇಗೆ ಆಡಿಸಬೇಕು ಅಂತ ತಾಯಿಗೆ ತೋರಿಸುವುದು. ಎರಡು ವರ್ಷ ಹೀಗೆ. ಕೊನೆಗೆ ಎರಡೂ ಸಿಕ್ಕ ಮಕ್ಕಳು ಎಲ್ಲರಿಗಿಂತ ಮುಂದಿದ್ದರು. ಅವರೆಲ್ಲ 22 ವರ್ಷದವರಾದಾಗ ಮತ್ತೆ ಹುಡುಕಿ ನೋಡಿದರೆ, ಚಿಕ್ಕಂದಿನಲ್ಲಿ ಆಟದ ಭೇಟಿ ಸಿಕ್ಕಿದವರ ಸಂಪಾದನೆ ಸಿಗದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. ಡಬ್ಬಿ, ಮುಚ್ಚಳ, ಚಿಂದಿ ಬಟ್ಟೆ! ತಾರಾಬಾಯಿ ಕೋಸಬಾಡದ ಅಂಗಳದಲ್ಲಿ ಹರಡಿದ್ದೂ ಇಂಥವನ್ನೇ.

ಇದನ್ನೆಲ್ಲ ಓದುವಾಗ "ಇದರಲ್ಲೇನಿದೆ, ನಮ್ಮ ಮನೆಗಳಲ್ಲಿ ಯಾವಾಗಲೂ ಮಾಡುತ್ತಿದ್ದದ್ದೇ" ಅನ್ನಿಸುವುದು ಸಹಜ. ಸೆರಗಿನ ಹಿಂದೆ ಮುಖ ಮುಚ್ಚಿ ತೆಗೆಯುವುದು, ಅಂಗೈಯಲ್ಲಿ ಅನ್ನ ಕಲಸಿದಂತೆ ಮಾಡಿ ಕಂಕುಳಿಗೆ ಕಚಗುಳಿ ಇಡುವುದು, ಕಾಗೆ ಗುಬ್ಬಿ ಕಥೆ. ನಿಜ. ಆದರೆ ಯಾರ ಮನೆಯಲ್ಲಿ? ಅಜ್ಜಿ ಜಗಲಿಯ ಮೇಲೆ ಕೂತಿರುವ ಮನೆಯಲ್ಲಿ. ನಮ್ಮ ಸೀಮೆಯ ಕೂಲಿಯವರ ಮನೆಯಲ್ಲಿ ಅಜ್ಜಿಯೂ ಕಳೆ ಕೀಳಲು ಹೋಗುತ್ತಿದ್ದಳು. ಕಬ್ಬಿನ ಗದ್ದೆ, ಹಿಪ್ಪುನೇರಳೆ ತೋಟ, ಕಲ್ಲು ಕ್ವಾರಿ. ಮರದ ಕೊಂಬೆಗೆ ಹಳೇ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿದರೆ ಆಯಿತು. ಜೋಲಿಯಲ್ಲಿ ಮಲಗುವಷ್ಟು ದಿನ ಹೇಗೋ ನಡೆಯಿತು. ಮಗು ನಡೆಯಲು ಕಲಿತ ದಿನದಿಂದ ಕಷ್ಟ. ಬಾವಿ ಇದೆ, ಕಾಲುವೆ ಇದೆ, ಕುಡುಗೋಲು ಇದೆ. ಹೊಸಿಲು ದಾಟಿದರೆ ಸಿಹಿ ಹಂಚುವ ಮನೆಗಳಿರುವ ಊರಿನಲ್ಲೇ, ಮಗು ನಡೆಯಿತಲ್ಲ ಇನ್ನು ಯಾರು ಹಿಡಿಯೋರು ಅಂತ ಯೋಚನೆಗೆ ಬೀಳುವ ಮನೆಗಳೂ ಇದ್ದವು.

ಹಿಡಿದವರು ಯಾರು? ಅಕ್ಕ. ಏಳೆಂಟು ವರ್ಷದ ಹುಡುಗಿ, ಸೊಂಟ ಒಂದು ಕಡೆ ವಾಲಿಸಿ ತಮ್ಮನನ್ನು ಕೂರಿಸಿಕೊಂಡು ನಿಂತಿರುವ ಚಿತ್ರ ನಮ್ಮ ಎಲ್ಲ ಊರುಗಳಲ್ಲೂ ಇತ್ತು. ನಾವದನ್ನು ಮುದ್ದಾಗಿದೆ ಅಂತ ಫೋಟೋ ತೆಗೆದೆವು. ಅವಳ ಸ್ಲೇಟು ಎಲ್ಲಿ ಅಂತ ಕೇಳಲಿಲ್ಲ. ಅಚ್ಚರಿ ಅಂದರೆ ಸರ್ಕಾರಕ್ಕೆ ಇದು ಗೊತ್ತಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೇ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರು ಶಾಲೆಗೆ ಬರಬೇಕಾದರೆ ಶಿಶುಪಾಲನಾ ಕೇಂದ್ರಗಳು ಬೇಕು ಅಂತ ಬರೆದಿದೆ. ಕಾರ್ಖಾನೆಗಳಿಗೆ 1948ರ ಕಾಯ್ದೆ, ಕಾಫಿ ಟೀ ತೋಟಗಳಿಗೆ 1951ರ ಕಾಯ್ದೆ ಹೆಂಗಸರ ಸಂಖ್ಯೆ ಇಂತಿಷ್ಟು ದಾಟಿದರೆ ಶಿಶುಪಾಲನಾ ಕೊಠಡಿ ಇರಲೇಬೇಕು ಅಂದಿತ್ತು. ಗದ್ದೆಗೆ ಮಾಲೀಕ ಒಬ್ಬನಲ್ಲ, ಹಾಜರಿ ಪುಸ್ತಕ ಇಲ್ಲ, ಅದಕ್ಕೆ ಕಾಯ್ದೆಯೂ ಇಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಬಿಟ್ಟು ಕೂಲಿ ಕೊಡಬೇಕು ಅಂತ ಹಾಕಿದ್ದರು. ಮಗುವನ್ನು ನೋಡಿಕೊಳ್ಳುವುದು ಮಣ್ಣು ಹೊರುವಷ್ಟೇ ಕೆಲಸ ಅಂತ ಕಾನೂನು ಹಳ್ಳಿಯಲ್ಲಿ ಒಪ್ಪಿಕೊಂಡಂತಾಯಿತು.

ಒಪ್ಪಿಕೊಳ್ಳದ ಕಡೆಯೂ ಇದೆ. ಅಂಗನವಾಡಿ ಕಾರ್ಯಕರ್ತೆಯ ವಿಷಯ ನೋಡಿ. ಅವಳಿಗೆ ಸಿಗುವುದು ಸಂಬಳ ಅಲ್ಲ, ಗೌರವಧನ. ನಮ್ಮ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ, ಅಮೀರ್‌ಬಿ ಪ್ರಕರಣ ಅಂತ ಹೆಸರು, ಇವರದ್ದು ಸರ್ಕಾರಿ ಹುದ್ದೆ ಅಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟು ಗ್ರಾಚ್ಯುಟಿಗೆ ಇವರು ಅರ್ಹರು ಅಂದಿತು. ನಲವತ್ತೇಳು ವರ್ಷ ಬೇಕಾಯಿತು ಅಷ್ಟಕ್ಕೆ. ತೂಕ, ಊಟ, ಹಾಡು, ರಿಜಿಸ್ಟರು, 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಕೆಲಸ, ಚುನಾವಣೆ ಬಂದರೆ ಅದರ ಕೆಲಸ. ಇಷ್ಟರ ನಡುವೆ ಹದಿನೆಂಟು ತಿಂಗಳ ಮಗುವಿನ ಮನೆಗೆ ಹೋಗಿ ಅದನ್ನು ಆಡಿಸಿ ಬಾ ಅಂದರೆ ಅವಳು ಯಾವಾಗ ಹೋಗಬೇಕು?

ಆಶಾ ಕಾರ್ಯಕರ್ತೆಯರು ಮನೆಗೆ ಬರುತ್ತಾರಲ್ಲ ಅನ್ನಬಹುದು. 2018ರಲ್ಲಿ ಬಂದ ಯೋಜನೆಯಲ್ಲಿ ಅವರ ಭೇಟಿಗೆ ಗೊತ್ತುಮಾಡಿದ್ದು 3, 6, 9, 12 ಮತ್ತು 15ನೇ ತಿಂಗಳು. ಹದಿನೈದಕ್ಕೆ ನಿಲ್ಲುತ್ತದೆ. ಅಂಗನವಾಡಿಯ ಪಾಠ ಶುರುವಾಗುವುದು ಮೂವತ್ತಾರಕ್ಕೆ. ನಡುವಿನ ಇಪ್ಪತ್ತೊಂದು ತಿಂಗಳಲ್ಲೇ ಮಗು ಎರಡು ಪದ ಜೋಡಿಸುವುದು, ಹಠ ಮಾಡುವುದು, 'ನಂದು' ಅನ್ನುವುದು, ಬೇರೆ ಮಗುವಿನ ಪಕ್ಕ ಕೂತು ಆಡುವುದು ಎಲ್ಲ ಆಗುವುದು. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಮೆಟ್ಟಿಲುಗಳ ಚಿತ್ರಗಳು ಇವೆ, ಚೆನ್ನಾಗಿಯೂ ಇವೆ. ಆ ಪುಟ ತೆಗೆದು ತಾಯಿಯ ಜೊತೆ ಕೂತು ಓದುವವರು ಬೇಕು. 2013ರಿಂದ ಮಕ್ಕಳ ಆರೋಗ್ಯ ತಪಾಸಣಾ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತವೆ, ಬೆಳವಣಿಗೆ ನಿಧಾನವಾಗಿರುವುದನ್ನು ಹುಡುಕುವುದೂ ಅವರ ಕೆಲಸದಲ್ಲಿ ಸೇರಿದೆ. ಆವತ್ತು ಮಗು ತಾಯಿಯ ಜೊತೆ ಗದ್ದೆಯಲ್ಲಿದ್ದರೆ ಇನ್ನೊಂದು ಆರು ತಿಂಗಳು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರರಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಐದು ವರ್ಷ ಮೊದಲು ಅದು 36 ಇತ್ತು. ಜಮೈಕಾದಲ್ಲಿ ಆರಿಸಿಕೊಂಡದ್ದು ಇಂಥ ಮಕ್ಕಳನ್ನೇ ಅನ್ನುವುದನ್ನು ಇಲ್ಲಿ ನೆನೆಯಬೇಕು.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂದು ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಪಾಲನಾ ಕೇಂದ್ರ ಘೋಷಿಸಿತು. ಹೆಸರು ಎಷ್ಟು ಚೆನ್ನಾಗಿದೆ! 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 'ನವಚೇತನಾ' ಅಂತ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೇ ಮೀಸಲಾದ ಚೌಕಟ್ಟು ತಂದಿತು. 36 ತಿಂಗಳಿಗೂ ತಿಂಗಳು ತಿಂಗಳಿಗೆ ಏನಾಡಿಸಬೇಕು, ಹೇಗೆ ಮಾತಾಡಿಸಬೇಕು ಅಂತ 140 ಚಟುವಟಿಕೆಗಳು ಅದರಲ್ಲಿವೆ. 1975ಕ್ಕೆ ಶುರುವಾದ ಯೋಜನೆ ಮೂರರ ಒಳಗಿನ ಮಗುವಿನ ಆಟದ ಕಡೆ ಇಷ್ಟು ವಿವರವಾಗಿ ತಿರುಗಿ ನೋಡುವುದಕ್ಕೆ ಅರ್ಧ ಶತಮಾನವೇ ಹಿಡಿಯಿತು. ಹೆಚ್ಚಿನ ಸದ್ದು ಮಾತ್ರ ಈಗಲೂ ಅಂಗನವಾಡಿಯಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡುವುದರ ಬಗ್ಗೆಯೇ. ಎ ಬಿ ಸಿ ಡಿ ಬರೆಯುವ ಮಗು ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಡಬ್ಬಿಗೆ ಮುಚ್ಚಳ ಹಾಕಲು ಒದ್ದಾಡುವ ಮಗುವಿನಲ್ಲಿ ಫೋಟೋಗೆ ಏನೂ ಸಿಗುವುದಿಲ್ಲ.

ಆ 140 ಚಟುವಟಿಕೆಗಳನ್ನು ಕನ್ನಡಕ್ಕೆ ತರುವವರು ಸುಮ್ಮನೆ ಅನುವಾದ ಮಾಡುವ ಬದಲು ಕಾಮಗೆರೆ, ಹನೂರು, ಯಳಂದೂರಿನ ಹಳ್ಳಿಗಳಲ್ಲಿ ಅಜ್ಜಿಯರ ಜೊತೆ ಒಂದು ವಾರ ಕೂತರೆ ಅರ್ಧಕ್ಕರ್ಧ ಆಟ ಅಲ್ಲೇ ಸಿಗಬಹುದು. ಮಾದಪ್ಪನ ಬೆಟ್ಟಕ್ಕೆ ಮಗುವಿನ ಮುಡಿ ಕೊಡಲು ಹೋಗುವ ಬಸ್ಸಿನಲ್ಲಿ ಅಳುವ ಮಗುವನ್ನು ಸುಮ್ಮನಾಗಿಸಲು ಹೆಂಗಸರು ಆಡಿಸುವ ಆಟಗಳನ್ನು ಯಾರಾದರೂ ಬರೆದುಕೊಂಡರೂ ಸಾಕು, ಒಂದು ಪುಸ್ತಕಕ್ಕೆ ಆಗುವಷ್ಟಿದೆ.

ನಿಮ್ಮ ಕಡೆ ಮಗು ಹೊಸಿಲು ದಾಟಿದಾಗ ಏನು ಮಾಡಿ ಹಂಚುತ್ತಾರೆ? ಬೋರಲು ಬಿದ್ದಾಗ? ಮೊದಲ ಮಾತಿಗೆ ಏನಾದರೂ ಇದೆಯೆ? ನಮ್ಮಲ್ಲಿ ನಡಿಗೆಗೆ ಇದೆ, ಮಾತಿಗೆ ಇದ್ದಂತೆ ಕಾಣೆ. ಉತ್ತರ ಕರ್ನಾಟಕದವರು, ಕರಾವಳಿಯವರು, ಕಾಸರಗೋಡಿನವರು ಗೊತ್ತಿದ್ದರೆ ಬರೆಯಿರಿ. ಹಾಗೇ ಟಿ. ನರಸೀಪುರದ ಮೊದಲ ನೂರು ಅಂಗನವಾಡಿಗಳಲ್ಲಿ ಓದಿದವರು, ಅಲ್ಲ, ಆಡಿದವರು ಯಾರಾದರೂ ಇದನ್ನು ನೋಡಿದರೆ ದಯವಿಟ್ಟು ಒಂದು ಸಾಲು ಹಾಕಿ. ನಿಮಗೀಗ ಐವತ್ತು ದಾಟಿರಬೇಕು :)